ಶರ್ಮಿಳಾ ತಿದ್ದಿದ ಕಾಲೇಜು ಫೀಸಿನ ಲೆಕ್ಕ

ಶರ್ಮಿಳಾ ಕಾರ್ಕಳದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದವರು. ಮದುವೆಯಾಗಿ ಗಂಡ ಓಂಕಾರ್ ಜೊತೆ ನ್ಯೂಜೆರ್ಸಿಗೆ ಬಂದಾಗ ಅವರಿಗೆ ಸಿಕ್ಕಿದ್ದು ಎಚ್-ಫೋರ್ ವೀಸಾ, ಸಂಬಳಕ್ಕೆ ದುಡಿಯುವಂತಿಲ್ಲ. ಓಂಕಾರ್ ಬೆಳಿಗ್ಗೆ ಟ್ರೇನು ಹಿಡಿದು ಜೆರ್ಸಿ ಸಿಟಿಯ ಆಫೀಸಿಗೆ ಹೋದರೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಪ್ರಿನ್ಸ್‌ಟನ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಒಂದು ಚಳಿಗಾಲ ಹೇಗೋ ಕಳೆಯಿತು. ಮರುವರ್ಷ ಶರ್ಮಿಳಾ ಲೈಬ್ರರಿಗೆ ಹೋಗಿ, ಅಲ್ಲಿ ಶನಿವಾರಗಳಂದು ಜನರಿಗೆ ಪುಕ್ಕಟೆಯಾಗಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವ ಸ್ವಯಂಸೇವಕರ ಗುಂಪು ಸೇರಿದರು. ತರಬೇತಿ ಪಡೆದು ಪರೀಕ್ಷೆಯನ್ನೂ ಪಾಸು ಮಾಡಿದರು.

ಸುತ್ತಲಿನ ಕನ್ನಡದವರಿಗೆ ಸುದ್ದಿ ತಲುಪಲು ತಡವಾಗಲಿಲ್ಲ. ಎರಡು ಸಾವಿರದ ಆರರ ವಸಂತದಲ್ಲಿ ಮಂಡ್ಯ ಕಡೆಯ ನವನೀತ್ ಬಂದರು. ಅವರ ಮಗಳು ಗಗನಾ ಹಿಂದಿನ ವರ್ಷವಷ್ಟೇ ಕಾಲೇಜು ಸೇರಿದ್ದಳು. ಮಕ್ಕಳ ಓದಿಗೆಂದು ಉಳಿತಾಯ ಮಾಡುವ 529 ಖಾತೆಗೆ ನವನೀತ್ ಕೆಲವು ವರ್ಷಗಳಿಂದ ಹಣ ಕಟ್ಟಿದ್ದರು. ಓದಿಗೇ ಬಳಸಿದರೆ ಆ ಹಣದ ಲಾಭಕ್ಕೆ ಟ್ಯಾಕ್ಸ್ ಇರುವುದಿಲ್ಲ.

“ಫೀಸೆಲ್ಲಾ ಆ ಖಾತೆಯಿಂದ ಕಟ್ಟಿದ್ದೀನಿ ಮೇಡಂ. ಹಾಸ್ಟೆಲು, ಊಟಕ್ಕೆ ನನ್ನ ಸಂಬಳದಿಂದ ಕೊಟ್ಟೆ. ಹೋಪ್ ಕ್ರೆಡಿಟ್ ಅಂತಾರಲ್ಲ, ಟ್ಯಾಕ್ಸಲ್ಲಿ ಕಡಿಮೆ ಮಾಡ್ತಾರಂತೆ, ಅದೂ ಸಿಗುತ್ತಾ?”

“ಒಂದೇ ಖರ್ಚು ತೋರಿಸಿ ಎರಡು ರಿಯಾಯಿತಿ ತಗೊಳ್ಳಿಕ್ಕೆ ಆಗುವುದಿಲ್ಲ. ನಿಮ್ಮ ಫೀಸೆಲ್ಲ ಖಾತೆಯಿಂದಲೇ ಹೋಯ್ತಲ್ಲ, ಹಾಗಾಗಿ ಸಿಗುವುದಿಲ್ಲ,” ಎಂದರು ಶರ್ಮಿಳಾ.

ನವನೀತ್ ಒಪ್ಪಿಕೊಂಡರು. ಅದೇ ಮಾತನ್ನು ಶರ್ಮಿಳಾ ಇನ್ನೂ ಕೆಲವು ಮನೆಯವರಿಗೆ ಹೇಳಿದರು.

ಮರುವರ್ಷ ಲೈಬ್ರರಿಯಲ್ಲಿ ಒಬ್ಬ ತಾಯಿ ಅದೇ ಪ್ರಶ್ನೆ ಕೇಳಿದಾಗ, ಗುಂಪಿನ ಹಿರಿಯರೊಬ್ಬರು ನಿಯಮದ ಉಳಿದರ್ಧ ತೋರಿಸಿಕೊಟ್ಟರು. ಹೋಪ್ ಕ್ರೆಡಿಟ್ ಸಿಗುವುದು ಫೀಸಿಗೆ ಮಾತ್ರ. ಆದರೆ 529 ಹಣವನ್ನು ಹಾಸ್ಟೆಲಿಗೂ ಊಟಕ್ಕೂ ಬಳಸಬಹುದು. ಹಾಗಾಗಿ ಫೀಸಿನ ಮೊದಲ ಎರಡು ಸಾವಿರ ಡಾಲರನ್ನು ಕ್ರೆಡಿಟ್‌ಗೆ ಮೀಸಲಿಟ್ಟು, ಖಾತೆಯ ಅಷ್ಟು ಹಣ ಊಟ, ವಸತಿಗೆ ಹೋಯಿತೆಂದು ತೋರಿಸಿದರೆ ಎರಡೂ ಸಿಗುತ್ತವೆ. ಒಂದೇ ಖರ್ಚನ್ನು ಎರಡು ಸಲ ತೋರಿಸಿದಂತಾಗುವುದಿಲ್ಲವಲ್ಲ. ಶರ್ಮಿಳಾರ ಮುಖ ಸಪ್ಪಗಾಯಿತು.

ಮನೆಯಲ್ಲಿ ಓಂಕಾರ್ ಸಮಾಧಾನ ಮಾಡಿದರು. “ನೀನು ಪುಕ್ಕಟೆ ಮಾಡಿದ ಕೆಲಸ. ಹೇಳದಿದ್ರೆ ಅವರಿಗೆ ಗೊತ್ತೇ ಆಗುದಿಲ್ಲ.”

“ನನಗೆ ಗೊತ್ತುಂಟಲ್ಲ,” ಎಂದು ಶರ್ಮಿಳಾ ಕೋಟು ಹಾಕಿಕೊಂಡು ಹೊರಟರು.

ನವನೀತ್ ಮನೆಯಲ್ಲಿ ಅವರು ಕೋಟನ್ನೂ ಬಿಚ್ಚಲಿಲ್ಲ. “ಹೋದ ವರ್ಷ ನಾನು ತಪ್ಪು ಹೇಳಿದೆ. ಎರಡು ಸಾವಿರದ ಫೀಸಿಗೆ ನಿಮಗೆ ಸಾವಿರದ ಐನೂರು ಡಾಲರ್ ಕ್ರೆಡಿಟ್ ಬರಬೇಕಿತ್ತು. ಹಳೇ ರಿಟರ್ನ್ ತಿದ್ದಿ ಕಳಿಸಲಿಕ್ಕೆ ಇನ್ನೂ ಅವಕಾಶ ಉಂಟು.”

ನವನೀತ್ ನಕ್ಕರು. “ಅದಕ್ಕೆ ಇಷ್ಟೊಂದು ಬೇಜಾರಾ ಮೇಡಂ? ಮೊದ್ಲು ಕೂತ್ಕೊಳ್ಳಿ, ಕಾಫಿ ಕುಡೀರಿ.”

ವಾರಾಂತ್ಯಕ್ಕೆ ಮನೆಗೆ ಬಂದಿದ್ದ ಗಗನಾ, “ಇಟ್ಸ್ ಓಕೆ, ಆಂಟಿ,” ಎಂದು ಅವರ ಕೋಟು ತೆಗೆದುಕೊಂಡಳು.

ಉಳಿದ ಮನೆಯವರಿಗೆ ಫೋನ್ ಮಾಡಿದರೂ ಶರ್ಮಿಳಾಗೆ ನೆಮ್ಮದಿಯಾಗಲಿಲ್ಲ. ತನ್ನ ಮಾತು ಬಾಯಿಂದ ಬಾಯಿಗೆ ಎಷ್ಟು ದೂರ ಹೋಗಿದೆಯೋ ಯಾರಿಗೆ ಗೊತ್ತು. ಅಲ್ಲಿನ ಕನ್ನಡದವರ ಯುಗಾದಿ ಕಾರ್ಯಕ್ರಮದ ದಿನ, ಮಕ್ಕಳ ಡಾನ್ಸ್ ಮುಗಿದು ಊಟಕ್ಕೆ ಏಳುವ ಮುಂಚೆ, ಮೈಕ್ ಕೇಳಿ ಪಡೆದರು. ತಾನು ಹೇಳಿದ್ದರಲ್ಲಿ ಎಲ್ಲಿ ತಪ್ಪಾಗಿತ್ತು, ಸರಿ ಯಾವುದು ಎಂದು ಪಾಠ ಹೇಳುವ ದನಿಯಲ್ಲೇ ವಿವರಿಸಿದರು.

ಊಟದ ಸಾಲಿನಲ್ಲಿ ರಾಜಿ ಎಂಬಾಕೆ ಮುಖಕ್ಕೆ ಹೊಡೆದಂತೆ ಅಂದರು, “ನಿಮ್ಮನ್ನ ನಂಬಿ ನಾವು ಕ್ರೆಡಿಟ್ ಕೇಳೇ ಇಲ್ಲ.”

“ಹೌದು, ನನ್ನಿಂದಲೇ ಆದದ್ದು. ನಾಳೆ ನಿಮ್ಮನೆಗೆ ಬಂದು ನಾನೇ ತಿದ್ದಿ ಕೊಡ್ತೇನೆ,” ಎಂದರು ಶರ್ಮಿಳಾ. ಹೇಳಿದಂತೆ ಹೋಗಿ ತಿದ್ದಿಯೂ ಕೊಟ್ಟರು.

ಬೇಸಿಗೆಯಲ್ಲಿ ನವನೀತ್‌ಗೆ ಚೆಕ್ ಬಂತು. ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದರು. ರಾಜಿ ಮನೆಗೂ ಬಂತು. ಆದರೆ ಆಕೆ ಆ ವಿಷಯ ಎತ್ತಲೇ ಇಲ್ಲ. ಮುಂದಿನ ಜನವರಿಯಲ್ಲಿ ಮಾತ್ರ, ತನ್ನ ತಂಗಿ ಮನೆಯವರನ್ನೂ ಕರೆದುಕೊಂಡು ಲೈಬ್ರರಿಗೆ ಬಂದು ಶರ್ಮಿಳಾರ ಮೇಜಿನ ಮುಂದೆ ಕುಳಿತರು.

ಗ್ರೀನ್ ಕಾರ್ಡ್ ಬಂದ ಮೇಲೆ ಶರ್ಮಿಳಾಗೆ ಕ್ರ್ಯಾನ್‌ಬರಿಯ ಅಕೌಂಟೆಂಟ್ ಒಬ್ಬರ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಟ್ಯಾಕ್ಸ್ ಸೀಸನ್ನಿನಲ್ಲಿ ಶನಿವಾರ ಬಿಡುವು ಸಿಗುವುದಿಲ್ಲವೆಂದಾಗ, ಬದಲಿಗೆ ಭಾನುವಾರ ಬರುತ್ತೇನೆಂದು ಒಪ್ಪಿಸಿದರು. ಅವರ ಶನಿವಾರಗಳು ಇಂದಿಗೂ ಲೈಬ್ರರಿಯದೇ.