ಹಲಗೆಯ ಮೇಲೆ ಪ್ಲಾಸ್ಟರಿನ ಕಾಲು

ಪಾಪಲೋಆಪನ್ ನದಿಯ ದಡದ ಆ ಊರಿನ ದವಾಖಾನೆಯಲ್ಲಿ ಕಸಿಲ್ದಾ ತೆನೋರಿಯೊ ಇಪ್ಪತ್ತೊಂಬತ್ತು ವರ್ಷದಿಂದ ಪ್ಲಾಸ್ಟರು ಕಟ್ಟುತ್ತಿದ್ದಳು. ಮಾವಿನ ಮರದಿಂದ ಬಿದ್ದವರು, ದೋಣಿಗೂ ಕಟ್ಟೆಗೂ ನಡುವೆ ಕಾಲು ಸಿಕ್ಕಿಸಿಕೊಂಡವರು, ಎಲ್ಲರೂ ಅವಳ ಕೈಯಲ್ಲಿ ಹಾದು ಹೋದವರೇ. ಕೈ ಹಗುರ, ಬಾಯಿ ಮಾತ್ರ ಈಳಿಗೆ. ಮೂಳೆ ಮುರಿದ ನೋವನ್ನಾದರೂ ತಡೆದುಕೊಳ್ಳಬಹುದು, ಅವಳ ಮಾತು ಬೇಡ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅದು ಕಿವಿಗೆ ಬಿದ್ದರೆ ಅವಳಿಗೆ ಖುಷಿಯೇ.

ಸಕ್ಕರೆ ಕಾಯಿಲೆಯವರನ್ನು ಕಂಡರಂತೂ ಅವಳಿಗೆ ಮೈಯೆಲ್ಲ ಉರಿ. ಅಂಗಾಲಿನ ಹುಣ್ಣು ಹೊತ್ತು ಬರುತ್ತಿದ್ದರು. ಪಾದದಿಂದ ಮಂಡಿಯ ಕೆಳಗಿನವರೆಗೆ ಮೈಗಂಟಿದಂತೆ ಪ್ಲಾಸ್ಟರು ಕಟ್ಟಿದರೆ ಭಾರವೆಲ್ಲ ಹಂಚಿಹೋಗಿ ಹುಣ್ಣು ಮಾಯುತ್ತದೆ. ಹೇಳಿದಂತೆ ಕೇಳಿದರೆ ಅಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ. ಆದರೆ ಹೇಳಿದಂತೆ ಕೇಳುವವರು ಎಲ್ಲಿದ್ದಾರೆ? ಎರಡು ಮೂರು ದಿನದಲ್ಲಿ ಬಾವು ಇಳಿದು ಪ್ಲಾಸ್ಟರು ಸಡಿಲವಾಗುತ್ತದೆ, ಒಳಗೆ ಚರ್ಮ ತಿಕ್ಕುತ್ತದೆ. ಈ ಕಾಯಿಲೆಯಿಲ್ಲದ ಮನುಷ್ಯನಾದರೆ ಬೊಬ್ಬೆ ಹೊಡೆಯುತ್ತಾನೆ. ಇವರಿಗೆ ಪಾದವೇ ಸತ್ತಿರುತ್ತದೆ. ಒಳಗೆ ಕೊಳೆಯುತ್ತಿದ್ದರೂ ಮೇಲೆ ಬಿಳಿ ಗೋಡೆಯಂತೆ ಚೆಂದ.

ಅದಕ್ಕೇ ಅವಳು ಪ್ರತಿಯೊಬ್ಬನಿಗೂ ಒಂದೇ ಮಂತ್ರ ಹೇಳುತ್ತಿದ್ದಳು. "ಮೂರನೇ ದಿನ ಬಂದು ಬಿಚ್ಚಿಸ್ಕೋಬೇಕು. ನೀರು ಸೋಕಬಾರ್ದು. ಜ್ವರ ಬಂದ್ರೆ, ವಾಸ್ನೆ ಹೊಡೆದ್ರೆ, ಕಲೆ ಕಂಡ್ರೆ ಅವತ್ತೇ ಓಡಿ ಬರ್ಬೇಕು. ನೋವಿಲ್ಲ ಅಂತ ಮಾತ್ರ ನನ್ಹತ್ರ ಬೊಗಳ್ಬೇಡಿ. ನಿಮ್ಗೆ ಕಾಲು ಕೊಯ್ದ್ರೂ ನೋಯಲ್ಲ, ಅದೇ ನಿಮ್ ರೋಗ!"

ಕೋಣನ ಮುಂದೆ ಕಿನ್ನರಿ. ಬೇಕರಿಯ ಎದುವಿಹೆಸ್ ಮೀನಖಂಡ ತುರಿಸುತ್ತದೆಂದು ನಿಟ್ಟಿಂಗ್ ಕಡ್ಡಿ ತೂರಿಸಿದಳು. ಕಡ್ಡಿ ಕೆಳಗಿಳಿದು ಹಿಮ್ಮಡಿ ಬಗೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಮೀನಿನ ವ್ಯಾಪಾರಿಯೊಬ್ಬ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ನದಿಗಿಳಿದ. ಒಳಗೆ ಹೋದ ನೀರು ಹೊರಗೆ ಬರಲಾರದೆ ವಾರವಿಡೀ ಅಲ್ಲೇ ಇತ್ತು. "ಇವ್ರಿಗೆ ಪ್ಲಾಸ್ಟರು ಕಾಲಿಗಲ್ಲ, ತಲೆಗೆ ಕಟ್ಬೇಕು," ಎನ್ನುತ್ತಿದ್ದಳು ಕಸಿಲ್ದಾ.

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವಳ ಬೆಂಚಿಗೆ, ಜನವರಿ ಕೊನೆಯ ಶುಕ್ರವಾರ, ಅವಳ ಸ್ವಂತ ತಮ್ಮ ನಿಕನೋರ್ ಬಂದು ಕುಳಿತ. ಕಾಲಿನ ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಹುಣ್ಣು.

ನಿಕನೋರ್ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದ. ಆ ಕೆಲಸದಲ್ಲಿ ಅಷ್ಟಕ್ಕಷ್ಟೆ. ಅವನಿಗೆ ಹೆಸರು ತಂದದ್ದು ಫಂದಾಂಗೊ ಕುಣಿತ. ಹಬ್ಬ ಬಂತೆಂದರೆ ಚೌಕದಲ್ಲಿ ಹಲಗೆಯ ಜಗಲಿ ಹಾಕುತ್ತಾರೆ, ಸುತ್ತ ತಂತಿವಾದ್ಯದವರು ನಿಲ್ಲುತ್ತಾರೆ, ಕುಣಿಯುವವರು ಹಲಗೆಯನ್ನೇ ಮದ್ದಳೆ ಮಾಡಿ ಪಾದದಿಂದ ಬಾರಿಸುತ್ತಾರೆ. ಮೂವತ್ತು ವರ್ಷ ಅವನ ಹಿಮ್ಮಡಿಗೆ ಎದುರಿರಲಿಲ್ಲ. ಎರಡು ವರ್ಷದಿಂದ ಮಾತ್ರ ಹಲಗೆ ಹತ್ತಿರಲಿಲ್ಲ. ಹಲಗೆ ಸರಿಯಿಲ್ಲ, ಬಡಗಿ ಕಳ್ಳ ಎನ್ನುತ್ತಿದ್ದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ಕಸಿಲ್ದಾ ಪಟ್ಟಿ ಸುತ್ತುತ್ತ ಚುಚ್ಚಿದಳು.

"ಡೊಂಕಲ್ಲ ಕಣಕ್ಕ," ಎಂದ ಅವನು. ಯಾರಿಗೂ ಹೇಳದ ಮಾತನ್ನು ಅಂದು ಹೇಳಿದ. "ಕಾಲಿಗೆ ಹಲಗೆ ಗೊತ್ತಾಗ್ತಿಲ್ಲ. ಹತ್ತಿ ಮೇಲೆ ನಿಂತಂಗಿರತ್ತೆ. ತಾಳ ಎಲ್ಲಿ ಬಿತ್ತು ಅಂತಾನೇ ತಿಳಿಯಲ್ಲ."

ಅವಳು ಎಲ್ಲರಿಗಿಂತ ಒಂದು ಪದರ ಹೆಚ್ಚು ಹತ್ತಿ ಇಟ್ಟಳು, ಎಲ್ಲರಿಗೂ ಹೇಳುವ ಮಂತ್ರವನ್ನೇ ಹೇಳಿದಳು. "ಸೋಮವಾರ ಬಾ. ಮನೆಯೊಳ್ಗೆ ನಾಲ್ಕು ಹೆಜ್ಜೆ ನಡೀಬಹುದು, ಅಷ್ಟೇ."

ನಾಲ್ಕು ಹೆಜ್ಜೆ ಎಂದರೆ ಆ ಊರಿನ ಗಂಡಸಿಗೆ ಎಷ್ಟು? ಭಾನುವಾರ ಸಂಜೆ, ಕಂದೆಲಾರಿಯಾ ಹಬ್ಬದ ಮುನ್ನಾದಿನ, ಸುಮ್ಮನೆ ನೋಡಲು ಎಂದು ಊರುಗೋಲು ಹಿಡಿದು ಬಂದ ನಿಕನೋರ್, ಮೂರನೇ ಹಾಡಿಗೆ ಹಲಗೆಯ ಮೇಲಿದ್ದ.

ಮೊದಲ ಏಟಿಗೇ ಜನ ತಿರುಗಿದರು. ಚರ್ಮದ ಬೂಟು ಎಂದೂ ಕೊಡದ ಸದ್ದು ಅದು. ಧಡ್, ಧಡ್, ಒಳ್ಳೇ ಕಾಲಿಂದ ಟಕಟಕ, ಮತ್ತೆ ಧಡ್. ಮೂರ್ಖ ಶಿಖಾಮಣಿಗಳೆಲ್ಲ ಕೇಕೆ ಹಾಕಿದರು. ಒಬ್ಬ ತನಗೂ ಸಕ್ಕರೆ ಕಾಯಿಲೆ ಬರಲಿ ಎಂದು ಕೂಗಿದ, ಅದಕ್ಕೂ ನಗೆ ಎದ್ದಿತು.

ಕಸಿಲ್ದಾ ತಮಾಲೆ ಕಡುಬಿನ ತಟ್ಟೆ ಹಿಡಿದು ಅಂಚಿನಲ್ಲಿ ನಿಂತಿದ್ದಳು. ಪ್ರತಿ ಏಟಿಗೂ ಒಳಗೆ ಏನಾಗುತ್ತಿದೆ ಎಂಬುದು ಆ ಗುಂಪಿನಲ್ಲಿ ಅವಳೊಬ್ಬಳಿಗೇ ಗೊತ್ತು. ಹೋಗಿ ಕಿವಿ ಹಿಡಿದು ಇಳಿಸಬೇಕಿತ್ತು. ಅಷ್ಟರಲ್ಲಿ ಅವನು ಅವಳನ್ನು ಕಂಡ. ಮುಖ ಹತ್ತು ವರ್ಷದ ಹುಡುಗನಂತಾಗಿತ್ತು.

"ಅಕ್ಕಾ! ಮಂಡಿಗೆ ಬರ್ತಿದೆ ಕಣೇ! ತಾಳ ಮಂಡಿಗೆ ಬರ್ತಿದೆ!"

ಹೌದು, ಗಟ್ಟಿ ಪ್ಲಾಸ್ಟರು ಹಲಗೆಯ ಏಟನ್ನು ಸತ್ತ ಪಾದ ದಾಟಿಸಿ ಬದುಕಿದ್ದ ಮಂಡಿಗೆ ಮುಟ್ಟಿಸುತ್ತಿತ್ತು. ಎರಡು ವರ್ಷದ ಮೇಲೆ ಅವನಿಗೆ ಹಲಗೆ ಸಿಕ್ಕಿತ್ತು. ಕಸಿಲ್ದಾ ತಟ್ಟೆ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು. ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಸೋಮವಾರ ಹಬ್ಬ. ದವಾಖಾನೆಯ ಬೀಗದ ಕೈ ಅವಳ ಸೊಂಟದಲ್ಲೇ ಇತ್ತು, ಪ್ಲಾಸ್ಟರು ಕೊಯ್ಯುವ ಗರಗಸ ಎಲ್ಲಿದೆ ಎಂದೂ ಗೊತ್ತಿತ್ತು. ಹಬ್ಬ ಕಳೆಯಲಿ ಎಂದುಕೊಂಡಳು. ಮಂಗಳವಾರ ಅವನು ಬರಲಿಲ್ಲ. ಸಂಜೆ ಅವನ ಮನೆಗೆ ಹೋಗಿ ಕೇಳಿದಳು.

"ನೋವಿದೆಯೇನೋ?"

"ಒಂಚೂರೂ ಇಲ್ಲ."

ಬೇರೆ ಯಾರಾದರೂ ಆ ಮಾತು ಆಡಿದ್ದರೆ ಅವರ ಏಳು ತಲೆಮಾರು ಬೈಯುತ್ತಿದ್ದ ಹೆಂಗಸು, ನೆಮ್ಮದಿಯಿಂದ ಮನೆಗೆ ಹೋಗಿ ಕಾಫಿ ಕಾಯಿಸಿಕೊಂಡು ಕುಡಿದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಗುರುವಾರ ನಿಕನೋರ್‌ಗೆ ಚಳಿಜ್ವರ. ಹಿಮ್ಮಡಿಯ ಹತ್ತಿರ ಪ್ಲಾಸ್ಟರು ಸೀಳಿ ಕಂದು ಕಲೆ ಮೂಡಿತ್ತು. ಕಸಿಲ್ದಾ ಗರಗಸ ಹಿಡಿದು ಕೊಯ್ದಳು. ಒಂದಿದ್ದ ಹುಣ್ಣು ಮೂರಾಗಿತ್ತು. ಒಂದರಲ್ಲಿ ಮೂಳೆ ಕಾಣುತ್ತಿತ್ತು. ಆ ನಾತಕ್ಕೆ, ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಅವಳು ಹೊರಗೆ ಓಡಿ ವಾಂತಿ ಮಾಡಿದಳು. ಶನಿವಾರ ಪಟ್ಟಣದ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು.

ಮರುದಿನ ವಾರ್ಡಿಗೆ ಬಂದ ಡಾಕ್ಟರ್ ಅರಾಸೆಲಿಗೆ ಮೂವತ್ತು ದಾಟಿರಲಿಲ್ಲ, ಬಾಯಿ ಮಾತ್ರ ಕಸಿಲ್ದಾಳದೇ. "ಕಟ್ಟಿದ್ದು ಚೆನ್ನಾಗೇ ಇತ್ತು," ಎಂದಳು. "ಇವ್ರು ಅದನ್ನ ಹಾಕ್ಕೊಂಡು ಕುಣಿದಿದಾರೆ! ಅಷ್ಟು ಜನದಲ್ಲಿ ಬುದ್ಧಿ ಇರೋರು ಒಬ್ರೂ ಇರ್ಲಿಲ್ವಾ?"

ನಿಕನೋರ್ ಅಕ್ಕನ ಕಡೆ ನೋಡಿದ, ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದ. "ಎಲ್ಲಾ ಕುಡುಕ್ರು ಡಾಕ್ಟ್ರೇ. ತಿಳಿದೋರು ಯಾರೂ ಇರ್ಲಿಲ್ಲ."

"ನಾನಿದ್ದೆ," ಎಂದಳು ಕಸಿಲ್ದಾ. "ಅದನ್ನ ಕಟ್ಟಿದೋಳೂ ನಾನೇ. ನಿಂತ್ಕೊಂಡು ಚಪ್ಪಾಳೆ ತಟ್ಟಿದೆ."