ಒಂದೇ ಏಟಿನ ಮೂರು ತೂತು

ಒಂಬತ್ತು ಗಂಟೆಗೆ ಹಡಗಿನ ಏಣಿ ಇಳಿಯಿತು. ಕಾಲು ಗಂಟೆಯಲ್ಲಿ ಬಲೆ ಕೆಲಸ ನೋಡುವವರ ಮೊದಲ ಗುಂಪು ಕಾರ್ತಹೇನಾ ಬಂದರಿನ ಧಕ್ಕೆಯ ಮೇಲಿತ್ತು. ಮುಂದೆ ಹದಿನೇಳು ಎಂಬ ಫಲಕ ಎತ್ತಿ ಹಿಡಿದ ಮಾರ್ಗದರ್ಶಿ, ಹಿಂದೆ ಎದೆಗೆ ಹದಿನೇಳರ ಚೀಟಿ ಅಂಟಿಸಿಕೊಂಡ ನಲವತ್ತು ಜನ. ಹಿನೇಸಾ ಸೌರಾ ಅಷ್ಟರಲ್ಲಾಗಲೇ ತಗ್ಗು ಕುರ್ಚಿಯಲ್ಲಿ ಕೂತು ಬಲೆಯನ್ನು ಮಂಡಿಯ ಮೇಲೆ ಎಳೆದುಕೊಂಡಿದ್ದಳು. ಅವಳಿಗೆ ಅರವತ್ತೊಂದು. ಹದಿಮೂರನೆಯ ವಯಸ್ಸಿನಿಂದ ಹರಿದ ಬಲೆ ಸರಿಮಾಡುವುದೇ ಅವಳ ಕೆಲಸ. ಮೀನಿನ ವಾಸನೆಯೇ ಇಲ್ಲದ ಬಲೆಯನ್ನು ಅವಳು ಕಂಡದ್ದು ಮಾತ್ರ ಈ ಬೇಸಿಗೆಯಲ್ಲಿ.

ವಾಸನೆಯ ಬಗ್ಗೆ ದೂರು ಬಂದಿತ್ತು. ಹಡಗಿನವರಿಗೆ ಹಳೆಯ ಬಂದರಿನ ಬದುಕು ತೋರಿಸುವ ಗುತ್ತಿಗೆ ಹಿಡಿದ ಸಂಸ್ಥೆಯವರು ಬಲೆಯನ್ನು ಲ್ಯಾವೆಂಡರ್ ಸೋಪಿನಲ್ಲಿ ಒಗೆಸಿ ತಂದರು. ಬಿಸಿಲು ಏರಿದಂತೆ ಆ ಪರಿಮಳವೂ ಏರುತ್ತಿತ್ತು. ಮನೆಗೆ ಹೋಗಿ ವಿನೆಗರಿನಲ್ಲಿ ಕೈ ತಿಕ್ಕಿಕೊಳ್ಳದೆ ಅವಳು ಬ್ರೆಡ್ಡು ಮುಟ್ಟುತ್ತಿರಲಿಲ್ಲ. ಆದರೂ ಬರುತ್ತಿದ್ದಳು. ಅವಳ ಕೇರಿ ಸಾಂತಾ ಲೂಸಿಯಾದಲ್ಲಿ ಉಳಿದಿರುವ ದೋಣಿಗಳ ಬಲೆ ನಂಬಿಕೊಂಡು ಈಗ ಯಾರೂ ಬದುಕುವಂತಿಲ್ಲ.

ಮೊದಲ ವಾರಗಳಲ್ಲಿ ಕೆಲಸವಾದರೂ ನಿಜವಾಗಿತ್ತು. ಗುಜರಿಗೆ ಹೋದ ದೋಣಿಯ ಬಲೆ ಅದು. ಬಂಡೆ ಹರಿದದ್ದು, ಡಾಲ್ಫಿನ್ ನುಗ್ಗಿದ್ದು, ಯಂತ್ರದ ರೆಕ್ಕೆಗೆ ಸಿಕ್ಕಿದ್ದು ಎಲ್ಲವೂ ಅದರಲ್ಲಿದ್ದವು. ಯಾವ ತೂತು ಯಾರದೆಂದು ಅವಳಿಗೆ ಬೆರಳಿಟ್ಟರೆ ತಿಳಿಯುತ್ತಿತ್ತು. ಕಳೆದ ಗುರುವಾರಕ್ಕೆ ಎಲ್ಲ ಮುಗಿದಿದ್ದವು. ಇವತ್ತು ಬಲೆ ಬಿಡಿಸಿದರೆ ನಟ್ಟನಡುವೆ ಹೊಸ ತೂತುಗಳಿದ್ದವು.

ಅದು ಚಾಕುವಿನ ಕೆಲಸ. ಸಾಂತಾ ಲೂಸಿಯಾದವರು ಹೆಂಡತಿ ಬಿಟ್ಟವನನ್ನು ಕ್ಷಮಿಸಿದ್ದಾರೆ, ಜೈಲಿನಿಂದ ಬಂದವನನ್ನು ದೋಣಿಗೆ ಹತ್ತಿಸಿಕೊಂಡಿದ್ದಾರೆ. ಬೇರೆಯವರ ಬಲೆಗೆ ಚಾಕು ಹಾಕಿದವನ ಬಲೆಯನ್ನು ಮಾತ್ರ ಅಲ್ಲಿ ಯಾವ ಹೆಂಗಸೂ ಸರಿಮಾಡಲು ಮುಟ್ಟುವುದಿಲ್ಲ.

ಹಿನೇಸಾ ಸೂಜಿ ಕೆಳಗಿಟ್ಟು ತೂತುಗಳನ್ನು ಸಾಲಾಗಿ ಹರಡಿದಳು. ಮೂರು ಮೂರರಂತೆ ಇದ್ದವು. ಮೊದಲನೆಯದು ಬಲಕ್ಕೆ ಓರೆ, ನಡುವಿನದು ಎಡಕ್ಕೆ, ಮೂರನೆಯದು ಮತ್ತೆ ಬಲಕ್ಕೆ. ಬಲೆಯನ್ನು ಹಿಂದೆಮುಂದೆ ಮೂರು ಪದರ ಮಡಿಸಿ ಒಂದೇ ಏಟಿಗೆ ಕೊಯ್ದರೆ ಮಾತ್ರ, ನಡುವಿನ ಪದರ ತಿರುಗಿರುವುದರಿಂದ, ಹೀಗೆ ಬೀಳುತ್ತದೆ. ಸಿಟ್ಟಿನಲ್ಲಿ ಬಲೆ ಕೊಯ್ಯುವವರು ಮಡಿಸುತ್ತ ಕೂರುವುದಿಲ್ಲ, ಸಿಕ್ಕಲ್ಲಿ ಹಾಕಿ ಓಡುತ್ತಾರೆ. ಇಂಥ ಕೊಯ್ತವನ್ನು ಅವಳು ಜೀವಮಾನದಲ್ಲಿ ಇನ್ನೊಂದೇ ಸಲ ಕಂಡಿದ್ದಳು.

ಮೂವತ್ತೊಂಬತ್ತು ವರ್ಷಗಳ ಹಿಂದೆ ಅವಳ ಅಪ್ಪ ಬಾರ್ತೊಲೊಮೆಯ ಬಲೆಯನ್ನು ಯಾರೋ ಇದೇ ಧಕ್ಕೆಯಲ್ಲಿ ಕೊಯ್ದಿದ್ದರು. ಅವಳೂ ಅವಳ ಅಮ್ಮನೂ ಮೂರು ವಾರ ಕೂತು ಅದನ್ನು ಸರಿಮಾಡಿದರು. ಬಲೆ ಕೊಯ್ದ ಹಿಂದಿನ ವಾರವಷ್ಟೇ ಅಪ್ಪನಿಗೂ ಚಿಕ್ಕಪ್ಪ ಫುಲ್ಹೆನ್ಸಿಯೊಗೂ ದೋಣಿಯ ಪಾಲಿನ ಬಗ್ಗೆ ಜಗಳವಾಗಿತ್ತು. ಬಲೆ ಹರಿದ ದಿನ ಬೆಳಗಿನ ಜಾವ ಫುಲ್ಹೆನ್ಸಿಯೊನನ್ನು ಧಕ್ಕೆಯಲ್ಲಿ ಕಂಡೆ ಎಂದು ದೋಣಿಯ ಆಳು ಬ್ಲಾಸ್ ಹೇಳಿದ. ಅಲ್ಲಿಗೆ ಅಣ್ಣ ತಮ್ಮಂದಿರ ಮಾತು ನಿಂತಿತು. ದೋಣಿಯಲ್ಲಿ ಫುಲ್ಹೆನ್ಸಿಯೊ ಬಿಟ್ಟ ಪಾಲನ್ನು ಮರುವರ್ಷ ಬ್ಲಾಸ್ ಕೊಂಡ. ಎಷ್ಟೋ ವರ್ಷದ ಮೇಲೆ ಬಾರ್ತೊಲೊಮೆ ತೀರಿದಾಗ ಅವನ ಹೆಣದ ಹಿಂದೆ ನಡೆಯಲೂ ಫುಲ್ಹೆನ್ಸಿಯೊನನ್ನು ಬಿಡಲಿಲ್ಲ. ಇಗರ್ಜಿಯ ಬಾಗಿಲಲ್ಲಿ ಅಡ್ಡ ನಿಂತವಳು ಹಿನೇಸಾಳೇ.

ಸಂಸ್ಥೆಯ ಹುಡುಗಿ ನೊಯೆಲಿಯಾ ನೀರಿನ ಬಾಟಲಿ ಹಿಡಿದು ಬಂದಳು.

"ಶುರು ಮಾಡಿ ಹಿನೇಸಾ ಅವರೇ. ಹದಿನೇಳು ಬಂದಾಯ್ತು, ಹದಿನೆಂಟು ಇಳೀತಾ ಇದೆ."

"ಇದನ್ನ ಯಾರು ಕೊಯ್ದಿದ್ದು?"

"ಅದಾ? ಎಲ್ಲಾ ಮುಗಿಸಿಬಿಟ್ರಲ್ಲ ನೀವು. ತೂತೇ ಇಲ್ದಿದ್ರೆ ಜನಕ್ಕೆ ತೋರಿಸೋದೇನು? ಅದಕ್ಕೆ ನಿನ್ನೆ ಸಂಜೆ ಬ್ಲಾಸ್ ಅವರಿಗೆ ಹೇಳಿ ಮಾಡಿಸಿದ್ವಿ."

"ಬ್ಲಾಸ್‌ಗೆ."

"ಎಷ್ಟು ಚುರುಕು ಗೊತ್ತಾ ಅವ್ರು, ಐದೇ ನಿಮಿಷ."

ಯಾರೋ ಮಗುವೊಂದನ್ನು ಬಲೆಯ ಮೇಲೆ ನಿಲ್ಲಿಸಿ ಫೋಟೊ ತೆಗೆದರು. ಹ್ಯಾಟು ಹಾಕಿದ ಹೆಂಗಸೊಬ್ಬಳು ದಾರದ ಬುಟ್ಟಿಗೆ ಒಂದು ನಾಣ್ಯ ಹಾಕಿ, ಭಿಕ್ಷುಕರಿಗೆ ನಗುವ ನಗು ನಕ್ಕು ಹೋದಳು. ಆ ನಾಣ್ಯವನ್ನು ಹಿನೇಸಾ ಎರಡು ಬೆರಳಲ್ಲಿ, ಸತ್ತ ಜಿರಳೆ ಎತ್ತುವಂತೆ ಎತ್ತಿ ನೀರಿಗೆ ಹಾಕಿದಳು.

ಬ್ಲಾಸ್ ಹತ್ತು ಗಂಟೆಗೆ ಬಂದ. ಎಪ್ಪತ್ತು ದಾಟಿದವನು. ಸಂಸ್ಥೆ ಕೊಟ್ಟ ಪಟ್ಟೆ ಅಂಗಿ, ಹುಲ್ಲಿನ ಟೋಪಿ, ಕೊರಳಿಗೆ ಕೆಂಪು ವಸ್ತ್ರ. ಈ ವೇಷದಲ್ಲಿ ಕಾರ್ತಹೇನಾದಿಂದ ಯಾವ ಮನುಷ್ಯನೂ ಮೀನಿಗೆ ಹೋದದ್ದಿಲ್ಲ.

"ಏನೇ ಹುಡುಗಿ, ಮುಖ ಹುಳಿ ನಿಂಬೆ ಆಗಿದೆ? ಕೆಲಸ ಸಾಲ್ದಾ? ಇನ್ನೂ ನಾಲ್ಕು ತೂತು ಹಾಕ್ಕೊಡ್ಲಾ?"

"ಹಾಕು. ನೋಡೋಣ."

"ಇವರೆಲ್ಲರ ಮುಂದೆ?"

"ದುಡ್ಡು ಕೊಟ್ಟು ನೋಡೋಕೆ ಬಂದಿದ್ದಾರೆ. ನೋಡ್ಲಿ."

ಬ್ಲಾಸ್‌ಗೆ ಖುಷಿಯಾಯಿತು. ಚಾಕು ತೆಗೆದು ಎತ್ತಿ ತೋರಿಸಿದ, ಹದಿನೆಂಟರ ಗುಂಪು ಸುತ್ತ ಕಟ್ಟಿತು. ಬಲೆಯನ್ನು ಮಂಡಿಯ ಮೇಲೆ ಹಾಕಿಕೊಂಡು ಒಂದು, ಎರಡು, ಮೂರು ಎಂದು ಮಡಿಸಿ, ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದ. ಜನ ಚಪ್ಪಾಳೆ ತಟ್ಟಿದರು.

"ಮಡಿಸೋದು ಯಾರು ಹೇಳ್ಕೊಟ್ರು ನಿಂಗೆ?" ಹಿನೇಸಾ ಕೇಳಿದಳು.

"ಇದನ್ನ ಬೇರೆ ಹೇಳ್ಕೊಡ್ಬೇಕಾ? ಮಡಿಸಿದ್ರೆ ಒಂದೇ ಏಟಿಗೆ ಮೂರು. ನಾನ್ ಯಾವಾಗ್ಲೂ ಹೀಗೇ."

"ಯಾವಾಗ್ಲೂ ಅಂದ್ರೆ? ಇದಕ್ಕೆ ಮುಂಚೆ ಯಾರ ಬಲೆ ಕೊಯ್ದಿದ್ದೆ ಬ್ಲಾಸ್?"

ಅವನ ಕೈ ನಿಂತಿತು. ಅವಳು ಹೊಸ ತೂತುಗಳನ್ನು ನಿನ್ನೆಯವುಗಳ ಪಕ್ಕಕ್ಕೆ ಎಳೆದು ಹರಡಿದಳು. ಬಲಕ್ಕೆ, ಎಡಕ್ಕೆ, ಬಲಕ್ಕೆ. ಅವನು ಬಲೆ ನೋಡಿದ, ಅವಳನ್ನು ನೋಡಿದ, ಆಮೇಲೆ ಜನರ ಕಡೆ ತಿರುಗಿ ಟೋಪಿ ಎತ್ತಿದ.

"ಹಳೇದೆಲ್ಲ ಯಾಕೀಗ?" ಅಂದ, ಹಲ್ಲು ಬಿಡುತ್ತಲೇ. "ನಿಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು."

"ಚಿಕ್ಕಪ್ಪ ಬದುಕಿದ್ದಾನೆ."

"ಅವನಿಗೆ ಕಣ್ಣೂ ಕಾಣಲ್ಲ. ಬಿಡು ಮಾರಾಯ್ತಿ, ಜನ ನೋಡ್ತಿದಾರೆ. ನಗು."

ಅವನ ಬಾಯಿಂದ ಬೆಳಗಿನ ಸೋಂಪಿನ ಸಾರಾಯಿಯ ನಾತ ಬರುತ್ತಿತ್ತು. ಅಪ್ಪ ತೀರಿದ ಮೇಲೆಯೂ ಬ್ಲಾಸ್‌ನ ಬಲೆ, ಈಗ ಅವನ ಮಗನ ಬಲೆ, ಒಂದೂ ಬಿಡದೆ ಅವಳೇ ಸರಿಮಾಡಿದ್ದಳು. ಹಬ್ಬದಲ್ಲಿ ಅವನು ತಂದ ಮಿಠಾಯಿ ತಿಂದಿದ್ದಳು. ಮೂರು ವಾರ ಮಂಡಿಯ ಮೇಲೆ ಹಾಕಿಕೊಂಡ ಕೊಯ್ತದಲ್ಲಿ ತನಗೆ ಕಾಣದೇ ಹೋದದ್ದೇನು ಎಂದು ಕೇಳಿಕೊಂಡಾಗ, ಬ್ಲಾಸ್‌ನ ಮೇಲೆ ಹುಟ್ಟಿದ ಹೇಸಿಗೆ ತಿರುಗಿ ತನ್ನ ಕೈಗಳ ಮೇಲೆಯೇ ಬಂದು ಕೂತಿತು. ಅವಳು ಕತ್ತರಿ ತೆಗೆದು ಮೂರು ತೂತಿರುವ ತುಂಡನ್ನು ಬಲೆಯಿಂದ ಬಿಡಿಸಿ ಬುಟ್ಟಿಗೆ ಹಾಕಿಕೊಂಡು ಎದ್ದಳು.

"ಹತ್ತೊಂಬತ್ತು ಬರ್ತಾ ಇದೆ ಹಿನೇಸಾ ಅವರೇ," ಎಂದಳು ನೊಯೆಲಿಯಾ.

"ಅವನಿಗೇ ಸೂಜಿ ಕೊಡು. ಕೊಯ್ದವನು ಹೊಲೀಲಿ."

ಫುಲ್ಹೆನ್ಸಿಯೊನ ಮನೆ ಅವಳ ಮನೆಯಿಂದ ಮೂರನೆಯ ಓಣಿಯಲ್ಲಿದೆ. ಬಾಗಿಲಿಗೆ ತೂಗುಬಿಟ್ಟ ಮಣಿಸರದ ಪರದೆಯನ್ನು ಅವಳು ಮೂವತ್ತೊಂಬತ್ತು ವರ್ಷಗಳ ನಂತರ ಸರಿಸಿದಳು. ಎಂಬತ್ತೆಂಟರ ಮುದುಕ ರೇಡಿಯೊ ಪಕ್ಕ ಕೂತಿದ್ದ.

"ಯಾರು?"

"ಬಾರ್ತೊಲೊಮೆ ಮಗಳು."

ಅವನು ರೇಡಿಯೊ ಆರಿಸಲಿಲ್ಲ, ಕೂರು ಎನ್ನಲೂ ಇಲ್ಲ. ಅವಳು ತುಂಡನ್ನು ಅವನ ಕೈಗಿಟ್ಟಳು. ಅವನು ಮೊದಲು ಮೂಸಿ ಮುಖ ಗಂಟಿಕ್ಕಿದ.

"ಥೂ. ಇದೇನು ಬಲೆನಾ, ಮದುವೆ ಹೆಣ್ಣಿನ ಕರ್ಚೀಫಾ?"

ಆಮೇಲೆ ಹೆಬ್ಬೆರಳು ಒಂದನೆಯ ತೂತಿಗೆ ಹೋಯಿತು, ಎರಡನೆಯದಕ್ಕೆ ಹೋಯಿತು, ಮೂರನೆಯದರಲ್ಲಿ ನಿಂತಿತು.

"ಬ್ಲಾಸ್," ಅಂದ.

"ನಿಂಗೆ ಗೊತ್ತಿತ್ತಾ ಚಿಕ್ಕಪ್ಪ?"

"ದೋಣೀಲಿ ಬಲೆ ತೇಲಿಸೋ ಬೆಂಡಿನ ಹಗ್ಗಾನೂ ಹೀಗೇ ಮಡಿಸಿ ಕೊಯ್ತಿದ್ದ. ಒಂದು ಏಟು ಉಳಿಸೋ ಸೋಮಾರಿ."

"ಹೇಳ್ಬೇಕಿತ್ತು."

"ಯಾರಿಗೆ? ಇಗರ್ಜಿ ಬಾಗಿಲಲ್ಲಿ ನಿಂತಿದ್ದೆಯಲ್ಲ, ನಿಂಗಾ?"

ಅವನು ತುಂಡನ್ನು ಮುದ್ದೆ ಮಾಡಿ ಅವಳ ಕಡೆಗೆ ಚಾಚಿದ. ಇದನ್ನು ಹೊರಗೆ ಬಿಸಾಕು, ಮನೆಯೆಲ್ಲ ನಾರ್ತಿದೆ ಎಂದ. ಆಮೇಲೆ, ಆಸ್ಪತ್ರೆಯವರು ಕಣ್ಣು ತೋರಿಸಲು ಹೇಳಿದ ದಿನ ಯಾವುದೋ ಚೀಟಿಯಲ್ಲಿದೆ, ಓದು ಎಂದ.

ಆ ಸಂಜೆ ಹಿನೇಸಾ ಬ್ಲಾಸ್‌ನ ಮಗನ ಬಲೆಯನ್ನು, ಅರ್ಧ ಸರಿಮಾಡಿದ್ದನ್ನು ಹಾಗೆಯೇ, ಅವನ ದೋಣಿಯ ಮುಂದೆ ಇಳಿಸಿ ಬಂದಳು. ಯಾಕೆಂದು ಅವನು ಕೇಳಿದ. ನಿಮ್ಮಪ್ಪನ್ನ ಕೇಳು ಎಂದಳು. ಮುಂದಿನ ಹಡಗು ಗುರುವಾರ ಬೆಳಗ್ಗೆ ಬರುತ್ತದೆ. ಫುಲ್ಹೆನ್ಸಿಯೊನನ್ನು ಕಣ್ಣಿನ ವೈದ್ಯರು ನೋಡುವುದೂ ಗುರುವಾರ, ಒಂಬತ್ತೂವರೆಗೆ. ಕರೆದುಕೊಂಡು ಹೋಗುವವಳು ಹಿನೇಸಾ.