ಹಿಂದಿನ ಸ್ಪೀಕರಿನ ಹಕ್ಕಿಗಳು

ಗಜೇಂದ್ರಗಡದಲ್ಲಿ ನಮ್ಮದು ನೇಕಾರರ ಓಣಿ. ವಿದ್ಯುತ್ ಮಗ್ಗಗಳ ಸಪ್ಪಳದ ನಡುವೆ ಎಲ್ಲರೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ಹಾಗಾಗಿ ಅಪ್ಪನ ಕಿವಿ ಮಂದವಾಗಿದ್ದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಟಿವಿಯ ದನಿಯೇ ಸಣ್ಣದು ಎಂದು ಅವನು ದೂರುತ್ತಿದ್ದ. ನಾವೂ ನಂಬಿದೆವು. ಕೊನೆಗೆ ಹೋಮ್ ಥಿಯೇಟರ್ ತರುವುದೆಂದಾಯಿತು. ಕಸ ಗುಡಿಸುವಾಗ ತೊಡರುವ ವೈರು ಬೇಡ ಎಂಬುದು ಅವ್ವನ ಷರತ್ತು. ಎಂ.ಎಸ್ಸಿ. ಓದಿದವಳೆಂದು ಆಯ್ಕೆಯ ಕೆಲಸ ನನಗೆ ಬಂತು. ಒಂದು ವಾರ ಕೂತು ಓದಿ, ಮೂರು ಮಾದರಿ ಗುರುತು ಹಾಕಿಕೊಂಡು ಅಪ್ಪನ ಜೊತೆ ರೋಣಕ್ಕೆ ಹೋದೆ.

ಅಂಗಡಿಯವರು ಅಪ್ಪನನ್ನು ನಡುವೆ ಕುರ್ಚಿ ಹಾಕಿ ಕೂರಿಸಿದರು. ಮೊದಲು ನೆಲದ ಮೇಲಿಟ್ಟ ಸಬ್‌ವೂಫರ್ ಗುಡುಗಿತು. ಅಪ್ಪ ಅಂಗಾಲನ್ನು ನೆಲಕ್ಕೆ ಒತ್ತಿ, “ಭಾಳ ಚಲೋ ಐತಿ” ಎಂದ.

“ತಡೀರಿ ಕಾಕಾ, ಮದವ್ಯಾಗ ಅಕ್ಕಿಕಾಳು ಬೀಳೂ ಮದ್ಲ ಊಟ ಚಲೋ ಆತು ಅಂದಂಗಾತು. ಈಗ ಹಿಂದಿಂದು ಅಷ್ಟ ಹಚ್ಚತೀನಿ. ವೈರಿಲ್ಲ ಏನಿಲ್ಲ, ಕೇಳ್ರಿ.”

ನಮ್ಮ ಬೆನ್ನ ಹಿಂದೆ ಬಲಕ್ಕೆ ಹಕ್ಕಿಗಳು ಚಿಲಿಪಿಲಿಗುಟ್ಟಿದವು. ನಾನು ತಿರುಗಿದೆ. ಅಪ್ಪ ನನ್ನ ಮುಖ ನೋಡಿ, ಆಮೇಲೆ ತಿರುಗಿದ. ಅಂಗಡಿಯವರು ಎಡಗಡೆಯದನ್ನು ಹಚ್ಚಿದರು. ಈ ಸಲ ನಾನು ಬೇಕೆಂದೇ ಕದಲಲಿಲ್ಲ. ಅಪ್ಪನೂ ಕದಲಲಿಲ್ಲ, ನನ್ನನ್ನೇ ನೋಡುತ್ತ ಕಾಯುತ್ತಿದ್ದ. ಹಾಗೆ ಅವನನ್ನು ಪರೀಕ್ಷೆ ಮಾಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

“ಇದನ್ನ ಕಟ್ಟಲೇನು, ತಂಗಿ?” ಅಂಗಡಿಯವರು ಕೇಳಿದರು.

“ಇನ್ನೊಮ್ಮೆ ಬರ್ತೀವ್ರಿ” ಎಂದು ಎದ್ದೆ.

ಹೊರಗೆ ಅಪ್ಪ ಸಿಟ್ಟಾದ. “ಅಷ್ಟು ದೂರ ಬಂದು ಯಾಕ ಬ್ಯಾಡಂದಿ?”

ನನಗೆ ಬೀದಿಯಲ್ಲಿ ದನಿ ಏರಿಸುವುದು ಆಗದು. ಮೆಲ್ಲಗೆ ಹೇಳಿದೆ. ಅವನು ಬಾಗಿ, “ಏನು?” ಎಂದ. ಮತ್ತೆ ಹೇಳಿದೆ. ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಒದರಿದೆ.

“ಅಪ್ಪಾ, ನಿನಗ ಹಕ್ಕಿ ದನಿ ಕೇಳಸಲಿಲ್ಲ. ದವಾಖಾನಿಗೆ ತೋರಿಸೂಣು.”

ಬಾಳೆಹಣ್ಣಿನ ಗಾಡಿಯವಳು, ಅವಳ ಮುಂದಿದ್ದ ಇಬ್ಬರು, ಎಲ್ಲರೂ ಅಪ್ಪನ ಕಡೆ ನೋಡಿದರು.

“ಮಂದಿ ಮುಂದ ಹೇಳೂ ಮಾತೇನು ಇದು?” ಅವನ ದನಿ ಮೊದಲ ಬಾರಿಗೆ ತಗ್ಗಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಮುಂದೆ ಹೋಗಿ ಕೂತ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಲೇ, “ಇವತ್ತು ಮನಿ ಎಷ್ಟು ಶಾಂತ ಐತಿ ನೋಡು” ಎಂದಳು. ಅಡುಗೆಮನೆಯಿಂದ ಪಡಸಾಲೆಗೆ ಬಂದು ನೋಡಿದೆ. ಅಪ್ಪ ಟಿವಿಯ ದನಿಯನ್ನು ನನಗೂ ಕೇಳಿಸದಷ್ಟು ಇಳಿಸಿಕೊಂಡು, ಸುದ್ದಿ ಓದುವವಳ ತುಟಿಗಳನ್ನೇ ನೋಡುತ್ತ ಕೂತಿದ್ದ.